ಬ್ಯಾಸ್ಕೆಟ್‌ಬಾಲಿನ ಜನಕ ಡಾಕ್ಟರ್ ಜೇಮ್ಸ್ ನೇಸ್ಮಿತ್

ಲೋಕದಲ್ಲಿ ಬಹುಪಾಲು ಆಟಗಳಿಗೆ ತಂದೆತಾಯಿಗಳ ಗುರುತಿಲ್ಲ. ಚಿನ್ನಿದಾಂಡನ್ನು ಮೊದಲು ಆಡಿದವರು ಯಾರು, ಕಬಡ್ಡಿಗೆ ಗೆರೆ ಎಳೆದವರು ಯಾರು, ಲಗೋರಿಗೆ ಏಳೇ ಕಲ್ಲು ಏಕೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರಿಲ್ಲ. ಊರೂರಿನ ಮಕ್ಕಳು ಆಡುತ್ತ ಆಡುತ್ತ ಅವು ತಾವಾಗಿಯೇ ಬೆಳೆದು ಬಂದುವು. ಬ್ಯಾಸ್ಕೆಟ್‌ಬಾಲಿನ ಸಂಗತಿ ಹಾಗಲ್ಲ. ಅದಕ್ಕೆ ಹುಟ್ಟಿದ ಊರುಂಟು, ಹುಟ್ಟಿದ ದಿನವುಂಟು, ಹೆತ್ತ ತಂದೆಯೂ ಉಂಟು. ಆ ತಂದೆಯೇ ಡಾಕ್ಟರ್ ಜೇಮ್ಸ್ ನೇಸ್ಮಿತ್.

ಈ ಮಹನೀಯರ ಬಾಳಿನಲ್ಲಿ ಒಂದು ವಿಚಿತ್ರವುಂಟು. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವರೇ ಮೊದಲ ತರಬೇತುದಾರರು. ಅವರ ಕಾಲದಲ್ಲಿ ಆ ತಂಡ 55 ಪಂದ್ಯಗಳನ್ನು ಗೆದ್ದಿತು, 60 ಪಂದ್ಯಗಳನ್ನು ಸೋತಿತು. ಒಂದು ಶತಮಾನಕ್ಕೂ ಮಿಗಿಲಾದ ಆ ತಂಡದ ಇತಿಹಾಸದಲ್ಲಿ ಗೆದ್ದುದಕ್ಕಿಂತ ಹೆಚ್ಚಾಗಿ ಸೋತ ತರಬೇತುದಾರರು ಅವರೊಬ್ಬರೇ. ಆಟವನ್ನು ಸೃಷ್ಟಿಸಿದಾತನೇ ಆ ಆಟದಲ್ಲಿ ಸೋತಾತ! ಆದರೂ ಇಂದು ಆ ವಿಶ್ವವಿದ್ಯಾನಿಲಯದ ಆಟದ ಅಂಕಣಕ್ಕೆ ಅವರ ಹೆಸರಿದೆ. ಅಂಕಣದ ಮುಂದಿನ ರಸ್ತೆಗೂ ಅವರದೇ ಹೆಸರಿದೆ. ಗೆಲವನ್ನೇ ದೇವರೆಂದು ಪೂಜಿಸುವ ಕ್ರೀಡಾಲೋಕದಲ್ಲಿ ಸೋತವರೊಬ್ಬರನ್ನು ಜನ ಇಷ್ಟು ಅಕ್ಕರೆಯಿಂದ ನೆನೆಯುವುದೇಕೆ? ಇದಕ್ಕೆ ಉತ್ತರ ಅವರ ಜೀವನದಲ್ಲಿಯೇ ಇದೆ.

ಜೇಮ್ಸ್ ನೇಸ್ಮಿತ್ ಹುಟ್ಟಿದುದು 1861ನೆಯ ನವೆಂಬರ್ 6ರಂದು, ಕೆನಡಾ ದೇಶದ ಅಲ್ಮಾಂಟ್ ಎಂಬ ಸಣ್ಣ ಪಟ್ಟಣದ ಬಳಿ. ತಂದೆ ಜಾನ್ ನೇಸ್ಮಿತ್, ತಾಯಿ ಮಾರ್ಗರೆಟ್. ಇಬ್ಬರದೂ ಸ್ಕಾಟ್ಲೆಂಡಿನ ಮೂಲ. ತಂದೆ ಮರಗೆಲಸ ಬಲ್ಲವರು. ಹೊಟ್ಟೆಪಾಡಿಗಾಗಿ ಸಂಸಾರವನ್ನು ಕಟ್ಟಿಕೊಂಡು ಆಟವಾ ನದಿಯ ನಡುಗಡ್ಡೆಯೊಂದಕ್ಕೆ ಹೋಗಿ ಮರ ಕೊಯ್ಯುವ ಕಾರ್ಖಾನೆಯ ಕೆಲಸಕ್ಕೆ ಸೇರಿದರು. ಅಲ್ಲಿ ದುರ್ದೈವ ಕಾದಿದ್ದಿತು. 1870ರಲ್ಲಿ ವಿಷಮಶೀತಜ್ವರ ಹಬ್ಬಿತು. ಅಕ್ಟೋಬರಿನಲ್ಲಿ ತಂದೆ ತೀರಿಕೊಂಡರು. ಮೂರು ವಾರ ಕಳೆಯುವುದರೊಳಗೆ ತಾಯಿಯೂ ಅದೇ ಜ್ವರಕ್ಕೆ ಬಲಿಯಾದರು. ಆಕೆ ಕಣ್ಣು ಮುಚ್ಚಿದ ದಿನ ಜೇಮ್ಸನ ಒಂಬತ್ತನೆಯ ಹುಟ್ಟುಹಬ್ಬ. ಜೇಮ್ಸ್, ಸೋದರಿ ಆನಿ, ತಮ್ಮ ರಾಬಿ, ಮೂವರು ಮಕ್ಕಳೂ ತಬ್ಬಲಿಗಳಾದರು. ಕೆಲಕಾಲ ಅಜ್ಜಿ ಸಾಕಿದಳು. ಅಜ್ಜಿಯೂ ಹೋದ ಮೇಲೆ ಆ ಭಾರ ಸೋದರಮಾವ ಪೀಟರ್ ಯಂಗ್‌ನ ಹೆಗಲಿಗೆ ಬಿದ್ದಿತು.

ಮಾವ ಬೇಸಾಯಗಾರ, ದೈವಭಕ್ತ, ಮಾತು ಕಡಮೆ, ಶಿಸ್ತು ಹೆಚ್ಚು. ಹುಡುಗರು ತಮ್ಮ ಕಷ್ಟವನ್ನು ತಾವೇ ಬಿಡಿಸಿಕೊಳ್ಳಬೇಕೆಂಬುದು ಆತನ ಮತ. ಒಮ್ಮೆ ಬಾಲಕ ಜೇಮ್ಸ್ ಕುದುರೆಗಳನ್ನು ಹೊಡೆದುಕೊಂಡು ಹೆಪ್ಪುಗಟ್ಟಿದ ಹೊಳೆಯನ್ನು ದಾಟುತ್ತಿದ್ದಾಗ ಮಂಜುಗಡ್ಡೆ ಒಡೆದು ಕುದುರೆಗಳು ನೀರಿಗಿಳಿದುವಂತೆ. ಹುಡುಗ ಹೆಣಗಾಡಿ ಅವುಗಳನ್ನು ದಡಕ್ಕೆ ಎಳೆತಂದು ತಲೆಯೆತ್ತಿ ನೋಡಿದರೆ, ಮಾವ ಮರಗಳ ಮರೆಯಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದನಂತೆ! ಚಳಿಗಾಲದಲ್ಲಿ ಊರ ಮಕ್ಕಳೆಲ್ಲ ಮಂಜಿನ ಮೇಲೆ ಜಾರುವಾಗ ಜೇಮ್ಸನಿಗೆ ಜಾರುಮೆಟ್ಟುಗಳಿರಲಿಲ್ಲ. ಬೇಡಿ ಪಡೆಯುವ ಅಭ್ಯಾಸವಿಲ್ಲದ ಹುಡುಗ ಹಳೆಯ ಅರಗಳನ್ನು ಮರದ ಪಟ್ಟಿಗೆ ಕೂರಿಸಿ ತಾನೇ ಮೆಟ್ಟುಗಳನ್ನು ಮಾಡಿಕೊಂಡ. ಕೈಗೆ ಸಿಕ್ಕಿದ ವಸ್ತುವಿನಿಂದಲೇ ಬೇಕಾದುದನ್ನು ಮಾಡಿಕೊಳ್ಳುವ ಈ ಗುಣ ಮುಂದೆ ಅವರಿಗೆ ದೊಡ್ಡ ಸಹಾಯಕ್ಕೆ ಬಂದಿತು.

ಆ ಹಳ್ಳಿಯ ಕಮ್ಮಾರಸಾಲೆಯ ಬಳಿ ಮಕ್ಕಳು ಒಂದು ಆಟ ಆಡುತ್ತಿದ್ದರು. ಅದರ ಹೆಸರು ಬಂಡೆಯ ಮೇಲಣ ಬಾತು. ನಮ್ಮ ಲಗೋರಿಗೆ ಅದು ದೂರದ ದಾಯಾದಿ. ದೊಡ್ಡ ಬಂಡೆಯೊಂದರ ಮೇಲೆ ಸಣ್ಣ ಕಲ್ಲನ್ನಿಟ್ಟು ಒಬ್ಬ ಕಾವಲು ನಿಲ್ಲುತ್ತಾನೆ. ಉಳಿದವರು ದೂರದಿಂದ ತಮ್ಮ ತಮ್ಮ ಕಲ್ಲುಗಳನ್ನು ಎಸೆದು ಅದನ್ನು ಕೆಡವಬೇಕು; ಕಾವಲಿನವನು ಮುಟ್ಟುವುದರೊಳಗೆ ತಮ್ಮ ಕಲ್ಲನ್ನೆತ್ತಿಕೊಂಡು ಹಿಂದಕ್ಕೆ ಓಡಿಬರಬೇಕು. ಬಲವಾಗಿ ನೇರ ಎಸೆದವನ ಗುರಿ ತಪ್ಪಿದರೆ ಕಲ್ಲು ದೂರ ಉರುಳಿಹೋಗುತ್ತದೆ, ಅವನು ಸಿಕ್ಕಿಬೀಳುತ್ತಾನೆ. ಮೆಲ್ಲಗೆ, ಮೇಲಕ್ಕೆ, ಬಿಲ್ಲಿನಂತೆ ಬಾಗಿ ಬೀಳುವ ಹಾಗೆ ಎಸೆದವನ ಕಲ್ಲು ಹತ್ತಿರದಲ್ಲಿಯೇ ಬೀಳುತ್ತದೆ, ಅವನು ಉಳಿದುಕೊಳ್ಳುತ್ತಾನೆ. ಬಲಕ್ಕಿಂತ ನಯಕ್ಕೆ ಬೆಲೆ ಹೆಚ್ಚು ಎಂಬ ಈ ಪಾಠವನ್ನು ಜೇಮ್ಸ್ ಮರೆಯಲಿಲ್ಲ.

ಶಾಲೆಯ ಪಾಠ ಮಾತ್ರ ತಲೆಗೆ ಹತ್ತಲಿಲ್ಲ. ಹದಿನೈದರ ಸುಮಾರಿನಲ್ಲಿ ಓದು ಬಿಟ್ಟು ಕಾಡಿಗೆ ಮರ ಕಡಿಯುವ ಕೂಲಿಯಾಗಿ ಹೋದರು. ಸುಮಾರು ಐದು ವರ್ಷ ಕೊಡಲಿಯೇ ಅವರ ಸಂಗಾತಿ. ಕೂಲಿಗಾರರೊಡನೆ ಬೆರೆತು ಕುಡಿತದ ರುಚಿಯೂ ಹತ್ತುವುದರಲ್ಲಿದ್ದಿತು. ಒಂದು ದಿನ ಮದ್ಯದಂಗಡಿಯಲ್ಲಿ ಲೋಟವನ್ನು ತುಟಿಗೆತ್ತುವ ಹೊತ್ತಿಗೆ ಪಕ್ಕದಲ್ಲಿದ್ದ ಹಿರಿಯನೊಬ್ಬ ಗುರುತು ಹಿಡಿದು, ಮಾರ್ಗರೆಟಳ ಮಗನಲ್ಲವೇ ಎಂದು ಕೇಳಿ, ಮಗನ ಈ ಸ್ಥಿತಿಯನ್ನು ಕಂಡರೆ ಆ ತಾಯಿಯ ಆತ್ಮ ಎಷ್ಟು ನೊಂದೀತೆಂದು ಹೇಳಿದನೆಂದೂ, ಜೇಮ್ಸ್ ಲೋಟವನ್ನು ಅಲ್ಲಿಯೇ ಇಟ್ಟು ಎದ್ದುಬಂದು ಮತ್ತೆಂದೂ ಕುಡಿಯಲಿಲ್ಲವೆಂದೂ ಅವರ ಜೀವನಚರಿತ್ರೆಯಲ್ಲಿ ಬರುತ್ತದೆ. ಅದಾದ ಮೇಲೆ ಅವರು ಮಾಡಿದ ಕೆಲಸ ಕುಡಿತ ಬಿಟ್ಟುದಕ್ಕಿಂತಲೂ ಕಠಿನವಾದುದು. ಇಪ್ಪತ್ತರ ಪ್ರಾಯದಲ್ಲಿ, ಗಡ್ಡ ಮೀಸೆ ಬಂದ ಮೇಲೆ, ಮತ್ತೆ ಅದೇ ಅಲ್ಮಾಂಟಿನ ಪ್ರೌಢಶಾಲೆಗೆ ಹೋಗಿ ತಮಗಿಂತ ಎಷ್ಟೋ ಚಿಕ್ಕ ಹುಡುಗರ ನಡುವೆ ಬೆಂಚಿನ ಮೇಲೆ ಕುಳಿತರು.

ವಾಚಕರು ಈ ಮಾತನ್ನು ಸುಮ್ಮನೆ ದಾಟಿ ಹೋಗಬಾರದೆಂದು ನನ್ನ ಬಿನ್ನಹ. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಯಲ್ಲಿ ಮೊದಲಿಗರಾಗಿ ಓದಲು ಬಂದವರು ಅನೇಕರಿದ್ದೇವೆ. ನಮ್ಮ ಜೊತೆಯಲ್ಲಿ ಓದುತ್ತಿದ್ದು ನಡುವೆ ಬಿಟ್ಟು ಹೊಲಕ್ಕೋ ಗಾರೆಕೆಲಸಕ್ಕೋ ಹೋದ ಗೆಳೆಯರು ಪ್ರತಿಯೊಬ್ಬರಿಗೂ ಇದ್ದಾರೆ. ಒಮ್ಮೆ ಬಿಟ್ಟವನು ಮರಳಿ ಬರುವುದು ಎಷ್ಟು ಕಷ್ಟವೆಂಬುದು ನಮಗೆ ತಿಳಿಯದುದಲ್ಲ. ಫೀಸಿನ ಹಣಕ್ಕಿಂತ ನಾಚಿಕೆಯೇ ದೊಡ್ಡ ಅಡ್ಡಿ. ಆ ನಾಚಿಕೆಯನ್ನು ಗೆದ್ದುದು ನೇಸ್ಮಿತ್‌ರ ಬಾಳಿನ ಮೊದಲ ಗೆಲವು. ಯಾವ ದಾಖಲೆಯ ಪುಸ್ತಕದಲ್ಲಿಯೂ ಅದು ಸೇರಿಲ್ಲ.

1883ರಲ್ಲಿ ಮಾಂಟ್ರಿಯಲ್ ನಗರದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯವನ್ನು ಸೇರಿ 1887ರಲ್ಲಿ ಬಿ.ಎ. ಪದವೀಧರರಾದರು. ಪಾದ್ರಿಯಾಗಬೇಕೆಂಬುದು ಅವರ ಸಂಕಲ್ಪ. ಮಾವನ ಮತ್ತು ಸೋದರಿಯ ಆಸೆಯೂ ಅದೇ. ಅದಕ್ಕಾಗಿ ದೇವತಾಶಾಸ್ತ್ರದ ಕಾಲೇಜಿಗೆ ಸೇರಿ 1890ರಲ್ಲಿ ಆ ಓದನ್ನೂ ಮುಗಿಸಿದರು. ಆದರೆ ಈ ನಡುವೆ ವ್ಯಾಯಾಮಶಾಲೆ ಅವರನ್ನು ಸೆಳೆದಿದ್ದಿತು. ಕಟ್ಟುಮಸ್ತಾದ ಆಳು, ಫುಟ್‌ಬಾಲಿನಲ್ಲಿಯೂ ಅಂಗಸಾಧನೆಯಲ್ಲಿಯೂ ಎತ್ತಿದ ಕೈ. ಒಂದು ದಿನ ಆಟದ ಬಿರುಸಿನಲ್ಲಿ ಪಕ್ಕದ ಆಟಗಾರನೊಬ್ಬ ಬೈಗುಳವನ್ನಾಡಿ, ಕೂಡಲೇ ನೇಸ್ಮಿತ್‌ರ ಕಡೆ ತಿರುಗಿ ಕ್ಷಮೆ ಕೇಳಿದನು. ಅವರು ಎಂದೂ ಯಾರಿಗೂ ಬುದ್ಧಿವಾದ ಹೇಳಿದವರಲ್ಲ. ಬೋಧನೆಯ ಪೀಠವನ್ನು ಹತ್ತದೆಯೂ ಹುಡುಗರ ನಡತೆಯನ್ನು ತಿದ್ದಬಹುದು, ಆಟದ ಬಯಲಿನಲ್ಲಿಯೂ ಆ ಕೆಲಸ ಸಾಧ್ಯ ಎಂದು ಅವರಿಗೆ ಆಗ ಹೊಳೆಯಿತು. ಪಾದ್ರಿಯ ಕೆಲಸವನ್ನು ಬದಿಗಿಟ್ಟು ವ್ಯಾಯಾಮ ಶಿಕ್ಷಕರಾಗಲು ಹೊರಟರು. ಸೋದರಿ ಆನಿಗೆ ಇದು ಸಹಿಸಲಿಲ್ಲ. ದೇವರ ಕೆಲಸವನ್ನು ಬಿಟ್ಟು ಆಟಕ್ಕೆ ಹೋದನೆಂಬ ಕೊರಗು ಆಕೆಯ ಮನಸ್ಸಿನಿಂದ ಕೊನೆಗೂ ಹೋಗಲಿಲ್ಲವೆಂದು ಹೇಳುತ್ತಾರೆ. ಮನೆಯವರ ಆಸೆ ಒಂದು, ಮಗನ ಒಲವು ಒಂದಾದಾಗ ಎರಡು ಕಡೆಯೂ ಎಷ್ಟು ನೋವೆಂಬುದಕ್ಕೆ ಇದೊಂದು ನಿದರ್ಶನ.

1890ರಲ್ಲಿ ಅವರು ಅಮೆರಿಕದ ಮ್ಯಾಸಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಊರಿಗೆ ಬಂದರು. ಕ್ರೈಸ್ತ ತರುಣರ ಸಂಘ, ಎಂದರೆ ವೈ.ಎಂ.ಸಿ.ಎ., ಅಲ್ಲಿ ಒಂದು ತರಬೇತಿ ಶಾಲೆಯನ್ನು ನಡೆಸುತ್ತಿದ್ದಿತು. ಮೊದಲು ವಿದ್ಯಾರ್ಥಿಯಾಗಿ, ಮರುವರ್ಷ ಅಧ್ಯಾಪಕರಾಗಿ ನೇಸ್ಮಿತ್ ಅಲ್ಲಿ ನೆಲೆಸಿದರು. ಆ ಪ್ರಾಂತದಲ್ಲಿ ಚಳಿಗಾಲ ಬಂತೆಂದರೆ ಬಯಲೆಲ್ಲ ಹಿಮ, ಹೊರಗೆ ಆಡುವಂತಿಲ್ಲ. ಒಳಗೆ ಕವಾಯತು, ದಂಡ, ಬಸ್ಕಿಗಳೇ ಗತಿ. ಮುಂದೆ ಸಂಘದ ಕಾರ್ಯದರ್ಶಿಗಳಾಗಲಿದ್ದ ಹದಿನೆಂಟು ಮಂದಿ ತರುಣರ ತರಗತಿಯೊಂದು ಇದರಿಂದ ಬೇಸತ್ತು ದಂಗೆಯೇಳುವ ಸ್ಥಿತಿಗೆ ಬಂದಿದ್ದಿತು. ಇಬ್ಬರು ಶಿಕ್ಷಕರು ಅವರನ್ನು ಪಳಗಿಸಲಾರದೆ ಕೈಬಿಟ್ಟಿದ್ದರು. ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಲೂಥರ್ ಗ್ಯೂಲಿಕ್ ಈ ತರಗತಿಯನ್ನು ನೇಸ್ಮಿತ್‌ರಿಗೆ ಒಪ್ಪಿಸಿ, ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು ಹದಿನಾಲ್ಕು ದಿನಗಳಲ್ಲಿ ಕಂಡುಹಿಡಿಯಬೇಕೆಂದು ಆಜ್ಞಾಪಿಸಿದರು.

ನೇಸ್ಮಿತ್ ಮೊದಲು ಬಯಲಾಟಗಳನ್ನೇ ಒಳಗೆ ತಂದು ನೋಡಿದರು. ಅಮೆರಿಕನ್ ಫುಟ್‌ಬಾಲ್ ಆಡಿಸಿದರೆ ಗಟ್ಟಿ ನೆಲದ ಮೇಲೆ ಬಿದ್ದು ಕೈಕಾಲು ಮುರಿಯುವ ಭಯ. ಕಾಲ್ಚೆಂಡು ಆಡಿಸಿದರೆ ಕಿಟಕಿಯ ಗಾಜಿಗೆ ಆಪತ್ತು. ಕೆನಡಾದ ಲಕ್ರಾಸ್ ಆಡಿಸಿದರೆ ಮುಖಮೋರೆಗೆ ಪೆಟ್ಟು. ಗಡುವು ಮುಗಿಯುತ್ತ ಬಂದಿತು. ಆಗ ಅವರು ಒಂದೆಡೆ ಕುಳಿತು, ಗಣಿತದ ಲೆಕ್ಕ ಬಿಡಿಸುವವರಂತೆ ಹೆಜ್ಜೆ ಹೆಜ್ಜೆಯಾಗಿ ಯೋಚಿಸಿದರು. ತಂಡಗಳ ಆಟಗಳಿಗೆಲ್ಲ ಚೆಂಡು ಬೇಕು. ಸಣ್ಣ ಚೆಂಡಿಗೆ ಕೋಲು ಬೇಕಾಗುತ್ತದೆ. ಆದುದರಿಂದ ಕೈಯಲ್ಲೇ ಹಿಡಿಯಬಹುದಾದ ದೊಡ್ಡ ಚೆಂಡಿರಲಿ. ಒರಟುತನ ಹುಟ್ಟುವುದು ಎದುರಾಳಿಯನ್ನು ಹಿಡಿದು ಕೆಡವುವುದರಿಂದ; ಕೆಡವುವುದು ಅವನು ಚೆಂಡನ್ನು ಹಿಡಿದು ಓಡುವುದರಿಂದ. ಚೆಂಡು ಹಿಡಿದವನು ಓಡಲೇಬಾರದೆಂದರೆ ಕೆಡವುವ ಕಾರಣವೇ ಇಲ್ಲ! ಇನ್ನು ಗುರಿ. ನೆಲದ ಮೇಲೆ ಗುರಿಯಿದ್ದರೆ ಬಲವಾಗಿ ಬೀಸಿ ಹೊಡೆಯುವ ಆಸೆಯಾಗುತ್ತದೆ. ಇಲ್ಲಿ ಅವರಿಗೆ ಕಮ್ಮಾರಸಾಲೆಯ ಬಳಿಯ ಬಂಡೆಯೂ ಬಾಗಿ ಬೀಳುತ್ತಿದ್ದ ಕಲ್ಲೂ ನೆನಪಾದುವು. ಗುರಿಯ ಬಾಯನ್ನು ಆಕಾಶಕ್ಕೆ ತೆರೆದಿಟ್ಟು ತಲೆಗಿಂತ ಎತ್ತರದಲ್ಲಿ ಕಟ್ಟಿದರೆ ಯಾರೂ ಬಲ ಬಳಸುವಂತಿಲ್ಲ; ನಯವಾಗಿ ಎಸೆಯಲೇಬೇಕು.

ಮರುದಿನ ಬೆಳಗ್ಗೆ ಶಾಲೆಯ ಕಟ್ಟಡವನ್ನು ನೋಡಿಕೊಳ್ಳುತ್ತಿದ್ದ ಸ್ಟೆಬಿನ್ಸ್ ಎಂಬಾತನನ್ನು ಎರಡು ಪೆಟ್ಟಿಗೆಗಳಿವೆಯೇ ಎಂದು ಕೇಳಿದರು. ಪೆಟ್ಟಿಗೆಗಳಿರಲಿಲ್ಲ, ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳಿದ್ದುವು. ಅವನ್ನೇ ವ್ಯಾಯಾಮಶಾಲೆಯ ಎರಡು ತುದಿಗಳಲ್ಲಿ ಬಾಲ್ಕನಿಯ ಕಟಾಂಜನಕ್ಕೆ ಮೊಳೆ ಹೊಡೆದು ಕೂರಿಸಿದರು. ಆ ಬಾಲ್ಕನಿ ನೆಲದಿಂದ ಹತ್ತು ಅಡಿ ಎತ್ತರವಿದ್ದಿತು. ಇಂದಿಗೂ ಜಗತ್ತಿನಲ್ಲೆಲ್ಲ ಬುಟ್ಟಿಯ ಎತ್ತರ ಅದೇ ಹತ್ತು ಅಡಿ. ಪೆಟ್ಟಿಗೆ ಸಿಕ್ಕಿದ್ದರೆ ಆಟದ ಹೆಸರೇ ಬೇರೆಯಾಗುತ್ತಿದ್ದಿತೋ ಏನೋ. ಹದಿಮೂರು ನಿಯಮಗಳನ್ನು ಬರೆದು ಟೈಪು ಮಾಡಿಸಿ ಗೋಡೆಯ ಹಲಗೆಗೆ ಅಂಟಿಸಿದರು. 1891ನೆಯ ಡಿಸೆಂಬರ್ 21ರಂದು ಹದಿನೆಂಟು ಮಂದಿಯನ್ನು ಒಂಬತ್ತೊಂಬತ್ತರ ಎರಡು ಪಕ್ಷಗಳಾಗಿ ವಿಂಗಡಿಸಿ, ಕಾಲ್ಚೆಂಡೊಂದನ್ನು ಮೇಲಕ್ಕೆ ಎಸೆದರು. ಆ ದಿನ ಬುಟ್ಟಿಗೆ ಬಿದ್ದುದು ಒಂದೇ ಒಂದು ಚೆಂಡು. ಹಾಕಿದವನು ವಿಲಿಯಂ ಚೇಸ್. ಬುಟ್ಟಿಗೆ ತಳವಿದ್ದುದರಿಂದ ಏಣಿ ಹತ್ತಿ ಚೆಂಡನ್ನು ತೆಗೆಯಬೇಕಾಗಿದ್ದಿತು.

ದಂಗೆಯೇಳುವಂತಿದ್ದ ಹುಡುಗರು ಈಗ ಆಟ ಬಿಟ್ಟು ಕದಲಲೊಲ್ಲರು. ಅವರ ಮುಂದಾಳುಗಳಲ್ಲೊಬ್ಬನಾದ ಫ್ರಾಂಕ್ ಮಹಾನ್ ಎಂಬಾತ ಆಟಕ್ಕೆ ನೇಸ್ಮಿತ್‌ರ ಹೆಸರನ್ನೇ ಇಡೋಣವೆಂದನು. ಅಂತಹ ಹೆಸರಿಟ್ಟರೆ ಯಾವ ಆಟವಾದರೂ ಸತ್ತುಹೋದೀತೆಂದು ಅವರು ನಕ್ಕುಬಿಟ್ಟರು. ಹಾಗಾದರೆ ಬುಟ್ಟಿಯೂ ಇದೆ, ಚೆಂಡೂ ಇದೆ, ಬ್ಯಾಸ್ಕೆಟ್‌ಬಾಲ್ ಎನ್ನೋಣವೆಂದು ಮಹಾನನೇ ಸೂಚಿಸಿದನು. ಹಲಗೆಗೆ ಅಂಟಿಸಿದ್ದ ನಿಯಮಗಳ ಹಾಳೆಗಳನ್ನು ನೆನಪಿಗಾಗಿ ಗುಟ್ಟಾಗಿ ಎತ್ತಿಟ್ಟುಕೊಂಡವನೂ ಅವನೇ. ಅನಂತರ ತಾನಾಗಿಯೇ ಒಪ್ಪಿಕೊಂಡು ಗುರುಗಳಿಗೆ ಹಿಂದಿರುಗಿಸಿದನು. ಈ ಆಟದ ಮೊತ್ತಮೊದಲ ಅಭಿಮಾನಿ ಅವನೆಂದರೆ ತಪ್ಪಾಗದು.

ಕ್ರಿಸ್‌ಮಸ್ ರಜಕ್ಕೆ ಊರಿಗೆ ಹೋದ ಆ ತರುಣರು ಆಟವನ್ನೂ ಜೊತೆಯಲ್ಲಿ ಕೊಂಡೊಯ್ದರು. 1892ರ ಜನವರಿಯಲ್ಲಿ ಶಾಲೆಯ ಪತ್ರಿಕೆ ನಿಯಮಗಳನ್ನು ಅಚ್ಚು ಹಾಕಿತು. ಮಾರ್ಚಿಯಲ್ಲಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಡೆದ ಪಂದ್ಯವನ್ನು ಸುಮಾರು ಇನ್ನೂರು ಜನ ನೋಡಿದರು; ವಿದ್ಯಾರ್ಥಿಗಳು ಐದಕ್ಕೆ ಒಂದರಂತೆ ಗೆದ್ದರು. ಹತ್ತಿರದ ಶಾಲೆಯ ಉಪಾಧ್ಯಾಯಿನಿಯರು ಬಂದು ತಮಗೂ ಕಲಿಸಬೇಕೆಂದರು. ಹೀಗೆ ಮೊದಮೊದಲು ಆಡಿದ ಸ್ತ್ರೀಯರಲ್ಲಿ ಮಾಡ್ ಶೆರ್ಮನ್ ಎಂಬಾಕೆಯೂ ಇದ್ದರು. 1894ರಲ್ಲಿ ನೇಸ್ಮಿತ್ ಆಕೆಯನ್ನೇ ವರಿಸಿದರು. ಆಟದ ಮೇಲಣ ಹುಚ್ಚು ಎಷ್ಟಾಯಿತೆಂದರೆ, ಬಾಲ್ಕನಿಯಲ್ಲಿ ಕುಳಿತ ಅಭಿಮಾನಿಗಳು ಕೈ ಚಾಚಿ ತಮ್ಮವರ ಚೆಂಡನ್ನು ಬುಟ್ಟಿಗೆ ನೂಕುವುದು, ಎದುರಾಳಿಗಳ ಚೆಂಡನ್ನು ತಳ್ಳಿಬಿಡುವುದು ಮೊದಲಾಯಿತು. ಬುಟ್ಟಿಯ ಹಿಂದೆ ಹಲಗೆ ಬಂದುದು ಈ ಅಭಿಮಾನಿಗಳ ಕಾಟಕ್ಕಾಗಿಯೇ!

ನೇಸ್ಮಿತ್ ಈ ಆಟದಿಂದ ಹಣ ಮಾಡಿಕೊಳ್ಳಲು ಹೋಗಲಿಲ್ಲ. ಅದರ ಹಕ್ಕನ್ನು ಕಟ್ಟಿಕೊಂಡು ಕೂರದೆ ಓದಿಗೆ ಹಿಂದಿರುಗಿದರು. 1895ರಲ್ಲಿ ಡೆನ್ವರ್ ನಗರಕ್ಕೆ ಹೋಗಿ, ಹಗಲು ವೈ.ಎಂ.ಸಿ.ಎ.ಯಲ್ಲಿ ದುಡಿಯುತ್ತ ವೈದ್ಯಶಾಸ್ತ್ರವನ್ನು ಓದಿ, 1898ರಲ್ಲಿ ವೈದ್ಯಪದವಿಯನ್ನು ಪಡೆದರು. ಅದೇ ವರ್ಷ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಪ್ರಾರ್ಥನೆ ನಡೆಸಲೊಬ್ಬರು, ವ್ಯಾಯಾಮ ಕಲಿಸಲೊಬ್ಬರು ಬೇಕಾಗಿದ್ದರು. ಎರಡೂ ಬಲ್ಲ ನೇಸ್ಮಿತ್‌ರನ್ನು ಅವರ ಸ್ಪ್ರಿಂಗ್‌ಫೀಲ್ಡಿನ ಗೆಳೆಯ ಅಮೋಸ್ ಅಲೋಂಜೊ ಸ್ಟ್ಯಾಗ್ ಶಿಫಾರಸು ಮಾಡಿದರು. ಲಾರೆನ್ಸ್ ಊರಿನಲ್ಲಿದ್ದ ಆ ವಿದ್ಯಾಲಯಕ್ಕೆ ಬಂದ ಅವರು ಕೊನೆಯವರೆಗೂ ಅಲ್ಲಿಯವರೇ ಆದರು.

ಅಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದರು. 1899ನೆಯ ಫೆಬ್ರವರಿ 3ರಂದು ನಡೆದ ಮೊದಲ ಪಂದ್ಯವನ್ನೇ 16ಕ್ಕೆ 5ರಂತೆ ಸೋತರು. 1907ರವರೆಗೆ ತಂಡ ಅವರ ಕೈಯಲ್ಲಿದ್ದಿತು. ಎಷ್ಟೋ ವೇಳೆ ತಮ್ಮ ತಂಡವೇ ಆಡುವಾಗ ಸೀಟಿ ಹಿಡಿದು ತೀರ್ಪುಗಾರರಾಗಿಯೂ ನಿಲ್ಲುತ್ತಿದ್ದರು. ತಮ್ಮ ತಂಡಕ್ಕೆ ಅದರಿಂದ ಲಾಭವಾಗಲಿಲ್ಲವೆಂಬುದಕ್ಕೆ ಆ 60 ಸೋಲುಗಳೇ ಸಾಕ್ಷಿ! ಅವರ ದೃಷ್ಟಿಯಲ್ಲಿ ಆಟ ಮೈಗೆ ಬಲ, ಮನಸ್ಸಿಗೆ ಹಿಡಿತ ತರುವ ಸಾಧನ, ಅಷ್ಟಾದರೆ ಸಾಕು. ದೇಹಸಾಧನೆಗೆ ಬ್ಯಾಸ್ಕೆಟ್‌ಬಾಲಿಗಿಂತ ಕುಸ್ತಿಯೂ ಅಂಗಸಾಧನೆಯೂ ಮೇಲೆಂದು ಸಹ ಭಾವಿಸಿದ್ದರು. ತಾವು ಕಂಡುಹಿಡಿದ ಆಟವನ್ನು ತಾವೇ ಆಡಿದುದು ಎರಡೇ ಬಾರಿಯೆಂದು ಹೇಳಿಕೊಳ್ಳುತ್ತಿದ್ದರು.

ಅವರ ತಂಡದಲ್ಲಿ ಫಾರೆಸ್ಟ್ ಅಲೆನ್ ಎಂಬ ಹುಡುಗನಿದ್ದನು; ಫಾಗ್ ಅಲೆನ್ ಎಂಬುದು ಜನಪ್ರಿಯ ಹೆಸರು. ಅವನು ತಾನೊಂದು ಕಾಲೇಜಿಗೆ ತರಬೇತುದಾರನಾಗಿ ಹೋಗುವೆನೆಂದಾಗ ನೇಸ್ಮಿತ್ ನಗುತ್ತ, ಈ ಆಟವನ್ನು ಆಡಬಹುದೇ ಹೊರತು ಕಲಿಸಲಾಗದೆಂದು ಹೇಳಿದರು. ಶಿಷ್ಯ ಆ ಮಾತನ್ನು ಕೇಳಲಿಲ್ಲ. ಕೇಳದೆ ಇದ್ದುದೇ ಒಳ್ಳೆಯದಾಯಿತು. ಅಲೆನ್ 1907ರಲ್ಲಿ ಗುರುವಿನ ಸ್ಥಾನಕ್ಕೇ ಬಂದು, ನಡುವೆ ಕೆಲವು ವರ್ಷ ಬಿಟ್ಟು, 1956ರವರೆಗೆ ಕ್ಯಾನ್ಸಸ್ ತಂಡಕ್ಕೆ 590 ಗೆಲವುಗಳನ್ನು ತಂದುಕೊಟ್ಟರು. ಅಲೆನ್‌ರ ಶಿಷ್ಯರಾದ ಅಡಾಲ್ಫ್ ರಪ್ ಕೆಂಟಕಿಯಲ್ಲಿ 876 ಪಂದ್ಯಗಳನ್ನೂ, ಡೀನ್ ಸ್ಮಿತ್ ಉತ್ತರ ಕ್ಯಾರೊಲಿನಾದಲ್ಲಿ 879 ಪಂದ್ಯಗಳನ್ನೂ ಗೆದ್ದರು. ಗುರು ಒಪ್ಪದಿದ್ದ ವಿದ್ಯೆಯಲ್ಲಿಯೇ ಶಿಷ್ಯ ಪರಂಪರೆ ಬೆಳೆಯಿತು. ಗುರು ಶಿಷ್ಯರ ಸ್ನೇಹಕ್ಕೆ ಮಾತ್ರ ಧಕ್ಕೆ ಬರಲಿಲ್ಲ.

ತಂಡವನ್ನು ಬಿಟ್ಟ ಮೇಲೂ ನೇಸ್ಮಿತ್ ವಿದ್ಯಾಲಯದಲ್ಲಿ ಮೂವತ್ತು ವರ್ಷ ವ್ಯಾಯಾಮಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1916ರಲ್ಲಿ ಸೈನ್ಯದೊಡನೆ ಪಾದ್ರಿಯಾಗಿ ಮೆಕ್ಸಿಕೋ ಗಡಿಗೆ ಹೋದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ದೇಶದಲ್ಲಿ ಸೈನಿಕರ ಸೇವೆ ಮಾಡಿದರು. 1925ರಲ್ಲಿ ಅಮೆರಿಕದ ಪ್ರಜೆಯಾದರು. ದೊಡ್ಡ ಮೀಸೆ, ಕನ್ನಡಕ, ಶಾಂತವಾದ ಮಾತು, ಮನೆಯಲ್ಲಿ ಐವರು ಮಕ್ಕಳು. ವೃದ್ಧಾಪ್ಯದ ಚಿತ್ರ ಇದು. ಗಡಿನಾಡಿನ ಯಾವುದೋ ಹಾಳುಬಿದ್ದ ಕೊಟ್ಟಿಗೆಗೆ ಹೊಡೆದ ತುಕ್ಕು ಹಿಡಿದ ಬಳೆಯನ್ನು ಕಂಡರೂ, ಇಲ್ಲಿಯೂ ಹುಡುಗರು ಆಡುತ್ತಿದ್ದಾರಲ್ಲ ಎಂದು ಅವರ ಮನಸ್ಸು ತುಂಬಿಬರುತ್ತಿದ್ದಿತು. ತಮ್ಮ ಶ್ರಮಕ್ಕೆ ಅದೇ ಸಂಭಾವನೆಯೆಂದು ಅವರು ಎಣಿಸಿದ್ದರು.

ಅವರ ಕೊನೆಯ ವರ್ಷಗಳ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1933ರಲ್ಲಿ ಜಾನ್ ಮೆಕ್ಲೆಂಡನ್ ಎಂಬ ಕರಿಯ ಜನಾಂಗದ ತರುಣನೊಬ್ಬ ಕ್ಯಾನ್ಸಸ್ ವಿದ್ಯಾಲಯಕ್ಕೆ ಬಂದನು. ಬ್ಯಾಸ್ಕೆಟ್‌ಬಾಲ್ ತರಬೇತುದಾರನಾಗಬೇಕೆಂಬುದು ಅವನ ಕನಸು. ವಿದ್ಯಾಲಯದ ತಂಡದಲ್ಲಿ ಕರಿಯರಿಗೆ ಆಗ ಪ್ರವೇಶವಿರಲಿಲ್ಲ. ಅವನು ನೇರವಾಗಿ ನೇಸ್ಮಿತ್‌ರ ಕೋಣೆಗೆ ಹೋಗಿ, ನೀವು ನನ್ನ ಮಾರ್ಗದರ್ಶಕರೆಂದು ತಿಳಿಸಿದನಂತೆ. ಹಾಗೆಂದು ಹೇಳಿದವರಾರೆಂದು ಅವರು ಕೇಳಿದರು. ನನ್ನ ತಂದೆ ಎಂದು ಹುಡುಗ ಉತ್ತರಿಸಿದನು. ತಂದೆ ಹೇಳಿದ ಮೇಲೆ ಅದು ಸರಿಯೇ ಇರಬೇಕೆಂದು ಆ ವೃದ್ಧರು ಅವನನ್ನು ಒಪ್ಪಿಕೊಂಡರು. ಒಂಬತ್ತನೆಯ ವಯಸ್ಸಿಗೇ ತಂದೆಯ ಮಾತು ಕೇಳುವ ಭಾಗ್ಯ ಕಳೆದುಕೊಂಡವರು ಆಡಿದ ಮಾತಿದು.

ವ್ಯಾಯಾಮ ಶಿಕ್ಷಣದ ಪದವಿಗೆ ಈಜು ಕಡ್ಡಾಯ. ಕರಿಯನು ಇಳಿದನೆಂಬ ಕಾರಣಕ್ಕೆ ಕೊಳದ ನೀರನ್ನೆಲ್ಲ ಬಸಿದು ಹಾಕಿದ ಕಾಲವದು. ಮೆಕ್ಲೆಂಡನ್ ಹಟ ಬಿಡಲಿಲ್ಲ. ನೇಸ್ಮಿತ್ ಅವನ ಬೆನ್ನಿಗೆ ನಿಂತರು. ಕೊನೆಗೆ ಅವನು ಈಜನ್ನೂ ಪೂರೈಸಿ 1936ರಲ್ಲಿ ಪದವಿ ಪಡೆದನು. ಆದರೆ ವಿದ್ಯಾಲಯದ ತಂಡದಲ್ಲಿ ಒಂದು ದಿನವೂ ಆಡಲಾಗಲಿಲ್ಲ. ತಂಡದ ಬಾಗಿಲು ಕರಿಯರಿಗೆ ತೆರೆದುದು 1950ರ ದಶಕದ ಆರಂಭದಲ್ಲಿ. ಗುರು ಒಬ್ಬ ಶಿಷ್ಯನಿಗೆ ದಾರಿ ಮಾಡಿಕೊಟ್ಟರು. ಗೋಡೆಯನ್ನು ಕೆಡವಲು ಅವರಿಂದಾಗಲಿಲ್ಲ. ಇದನ್ನು ಮುಚ್ಚಿಡುವುದು ಅವರ ನೆನಪಿಗೆ ಗೌರವವಾಗದು.

ಗೋಡೆಯನ್ನು ಕೆಡವುವ ಕೆಲಸಕ್ಕೆ ಶಿಷ್ಯನೇ ಕೈ ಹಾಕಿದನು. 1944ರ ಮಾರ್ಚಿಯಲ್ಲಿ, ಕರಿಯರೂ ಬಿಳಿಯರೂ ಒಟ್ಟಿಗೆ ಆಡಬಾರದೆಂಬ ಕಟ್ಟಳೆಯಿದ್ದ ಉತ್ತರ ಕ್ಯಾರೊಲಿನಾದಲ್ಲಿ, ಮೆಕ್ಲೆಂಡನ್‌ರ ಕರಿಯ ವಿದ್ಯಾರ್ಥಿಗಳ ತಂಡ ಡ್ಯೂಕ್ ವಿಶ್ವವಿದ್ಯಾನಿಲಯದ ಬಿಳಿಯ ವೈದ್ಯವಿದ್ಯಾರ್ಥಿಗಳೊಡನೆ, ಬಾಗಿಲು ಮುಚ್ಚಿಕೊಂಡು, ಪ್ರೇಕ್ಷಕರಿಲ್ಲದೆ ಗುಟ್ಟಾಗಿ ಆಡಿ 88ಕ್ಕೆ 44ರಂತೆ ಗೆದ್ದಿತು. ಮುಂದೆ ಟೆನೆಸಿ ಸಂಸ್ಥಾನದ ಕಾಲೇಜಿನ ತರಬೇತುದಾರರಾಗಿ 1957, 1958, 1959, ಹೀಗೆ ಮೂರು ವರ್ಷ ಸತತವಾಗಿ ಅವರು ರಾಷ್ಟ್ರಮಟ್ಟದ ಪ್ರಶಸ್ತಿ ಗಳಿಸಿದರು. 1999ರಲ್ಲಿ ತೀರಿಕೊಳ್ಳುವವರೆಗೂ ಮೆಕ್ಲೆಂಡನ್ ತಮ್ಮ ಗುರುವಿನ ಹೆಸರನ್ನು ಭಕ್ತಿಯಿಂದ ಹೇಳುತ್ತಿದ್ದರು.

1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲಿಗೆ ಮೊದಲ ಬಾರಿಗೆ ಅಧಿಕೃತ ಸ್ಥಾನ ದೊರೆಯಿತು. ಅದಕ್ಕಾಗಿ ಹೆಚ್ಚು ದುಡಿದವರಲ್ಲಿ ಶಿಷ್ಯ ಅಲೆನ್ ಒಬ್ಬರು. ಆಟದ ಜನಕರಿಗೆ ಮಾತ್ರ ಬರ್ಲಿನ್‌ವರೆಗೆ ಹೋಗಿಬರುವಷ್ಟು ಹಣವಿರಲಿಲ್ಲ. ಆಗ ತರಬೇತುದಾರರ ಸಂಘದವರು ದೇಶದ ಉದ್ದಗಲಕ್ಕೂ ಪಂದ್ಯ ನೋಡಲು ಬಂದವರಿಂದ ಚಿಲ್ಲರೆ ಕಾಸುಗಳನ್ನು ಕೂಡಿಸಿ ಅವರನ್ನು ಕಳುಹಿಸಿದರು. ಒಬ್ಬ ಗುರುವಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು? ಎಪ್ಪತ್ತನಾಲ್ಕರ ವೃದ್ಧರು ಮೊದಲ ಪಂದ್ಯಕ್ಕೆ ಚೆಂಡನ್ನು ಎಸೆದರು. ಇಪ್ಪತ್ತಕ್ಕೂ ಹೆಚ್ಚು ದೇಶಗಳ ತರುಣರು ತಮ್ಮ ಆಟವನ್ನು ಆಡುವುದನ್ನು ಕಂಡರು. ಆಗಸ್ಟ್ 14ರ ಕೊನೆಯ ಪಂದ್ಯ ಮಣ್ಣಿನ ಬಯಲಿನಲ್ಲಿ, ಜಡಿಮಳೆಯಲ್ಲಿ ನಡೆಯಿತು. ಕೆಸರಿನಲ್ಲಿ ಚೆಂಡು ಪುಟಿಯುವಂತೆಯೇ ಇರಲಿಲ್ಲ. ಅಮೆರಿಕ ಕೆನಡಾವನ್ನು 19ಕ್ಕೆ 8ರಂತೆ ಸೋಲಿಸಿತು. ಒಂದು ಅವರು ಹುಟ್ಟಿದ ನಾಡು, ಇನ್ನೊಂದು ಬಾಳಿದ ನಾಡು! ಎರಡು ತಂಡಗಳಿಗೂ ಪದಕಗಳನ್ನು ಕೊಟ್ಟವರು ಅವರೇ.

ಆ ಸಂತೋಷದ ಮರುವರ್ಷವೇ ಪತ್ನಿ ಮಾಡ್ ತೀರಿಕೊಂಡರು. ಅದೇ 1937ರಲ್ಲಿ ನೇಸ್ಮಿತ್ ನಿವೃತ್ತರಾದರು. 1939ರಲ್ಲಿ ಫ್ಲಾರೆನ್ಸ್ ಕಿನ್‌ಕೇಡ್ ಎಂಬಾಕೆಯನ್ನು ಮದುವೆಯಾದರು. ಅದೇ ವರ್ಷದ ನವೆಂಬರ್ 28ರಂದು ಮಿದುಳಿನ ರಕ್ತಸ್ರಾವದಿಂದ, ತಮ್ಮ 78ನೆಯ ವಯಸ್ಸಿನಲ್ಲಿ, ಲಾರೆನ್ಸಿನಲ್ಲಿ ದೈವಾಧೀನರಾದರು. ಆಟದ ಹುಟ್ಟು ಬೆಳವಣಿಗೆಗಳನ್ನು ಕುರಿತು ಅವರು ಬರೆದಿದ್ದ ಗ್ರಂಥ 1941ರಲ್ಲಿ ಪ್ರಕಟವಾಯಿತು. ಸ್ಪ್ರಿಂಗ್‌ಫೀಲ್ಡಿನಲ್ಲಿರುವ ಬ್ಯಾಸ್ಕೆಟ್‌ಬಾಲ್ ಕೀರ್ತಿಮಂದಿರ ಅವರ ಹೆಸರನ್ನೇ ಹೊತ್ತಿದೆ.

ಮಹಾನ್ ಹಿಂದಿರುಗಿಸಿದ ಆ ಹಾಳೆಗಳು ಏನಾದುವೆಂದು ವಾಚಕರು ಕೇಳಬಹುದು. ಅವು ಮನೆತನದಲ್ಲಿಯೇ ಉಳಿದು ಮಗನಿಂದ ಮೊಮ್ಮಗನಿಗೆ ಬಂದುವು. ಮೊಮ್ಮಗ ಇಯನ್ ನೇಸ್ಮಿತ್ ಅವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟುಕೊಂಡು ಊರಿಂದೂರಿಗೆ ಒಯ್ದು, ಅಜ್ಜನ ಕಥೆ ಹೇಳಿ, ಆಟದಲ್ಲಿ ಸಭ್ಯತೆಯಿರಬೇಕೆಂದು ಸಾರುತ್ತಿದ್ದರು. 2010ರ ಡಿಸೆಂಬರಿನಲ್ಲಿ ಅವು ನ್ಯೂಯಾರ್ಕಿನಲ್ಲಿ 43 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಹರಾಜಾದುವು. ಬರ್ಲಿನ್‌ಗೆ ಹೋಗಲು ಹಣವಿಲ್ಲದಿದ್ದವರು ಟೈಪು ಮಾಡಿಸಿದ ಎರಡು ಹಾಳೆಗಳ ಬೆಲೆಯಿದು! ಆ ಹಣ ಕುಟುಂಬದವರ ಧರ್ಮಸಂಸ್ಥೆಗೆ ಹೋಯಿತು. ಕೊಂಡವರು ಕ್ಯಾನ್ಸಸ್ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿ ಡೇವಿಡ್ ಬೂತ್. ಹಾಳೆಗಳು ಈಗ ಆ ವಿದ್ಯಾಲಯದಲ್ಲಿಯೇ, ನೇಸ್ಮಿತ್‌ರ ಹೆಸರಿನ ಅಂಕಣದ ಮಗ್ಗುಲ ಕಟ್ಟಡದಲ್ಲಿ, ಎಲ್ಲರಿಗೂ ಕಾಣುವಂತೆ ಇವೆ.

ನಮ್ಮ ದೇಶಕ್ಕೂ ಸ್ಪ್ರಿಂಗ್‌ಫೀಲ್ಡಿಗೂ ಒಂದು ಎಳೆಯ ನಂಟಿದೆ. ಆ ಶಾಲೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ತೆರೆದರು. ದಕ್ಷಿಣ ಭಾರತದ ಎಷ್ಟೋ ಕಾಲೇಜುಗಳ ವ್ಯಾಯಾಮ ಶಿಕ್ಷಕರು ಅಲ್ಲಿ ತರಬೇತಾದವರು. ಆಡುವುದೂ ವಿದ್ಯೆಯ ಒಂದು ಅಂಗವೆಂಬ ಸ್ಪ್ರಿಂಗ್‌ಫೀಲ್ಡಿನ ಭಾವನೆ ನಮ್ಮ ಕಡೆಗೆ ಹರಿದುಬಂದ ದಾರಿಗಳಲ್ಲಿ ಇದೂ ಒಂದು.

ಪರೀಕ್ಷೆ, ಅಂಕ, ದರ್ಜೆ, ಕೆಲಸ ಎಂದು ಹಗಲಿರುಳು ಲೆಕ್ಕ ಹಾಕುವ ನಮಗೆ ಲೆಕ್ಕ ಬೇಡವೆಂದು ನಾನು ಹೇಳಲಾರೆ. ಮನೆಯವರು ಹೊಟ್ಟೆ ಬಟ್ಟೆ ಕಟ್ಟಿ ಓದಿಸಿರುವಾಗ ಹಾಗೆನ್ನುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ಆದರೆ ಒಬ್ಬ ಮನುಷ್ಯನ ಲೆಕ್ಕವನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದು ಯೋಚಿಸಬೇಕಾದ ಮಾತು. ನೇಸ್ಮಿತ್‌ರ ಲೆಕ್ಕವನ್ನು 1907ಕ್ಕೆ ನಿಲ್ಲಿಸಿದರೆ ಅವರು ಐದು ಪಂದ್ಯಗಳ ಅಂತರದಿಂದ ಸೋತವರು. ಮುಂದಕ್ಕೂ ಎಣಿಸುತ್ತ ಹೋದರೆ ಅಲೆನ್‌ರ 590, ಆ ಮುಚ್ಚಿದ ಬಾಗಿಲ ಹಿಂದಿನ 88, ಮೆಕ್ಲೆಂಡನ್‌ರ ಮೂರು ಪ್ರಶಸ್ತಿಗಳು ಎಲ್ಲವೂ ಅವರ ಹೆಸರಿಗೇ ಸೇರುತ್ತವೆ. ಕ್ಯಾನ್ಸಸ್ ವಿಶ್ವವಿದ್ಯಾನಿಲಯದವರು ತಮ್ಮ ದಾಖಲೆಯಲ್ಲಿ ಆ 60 ಸೋಲುಗಳನ್ನು ಅಳಿಸಲಿಲ್ಲ, ಮರೆಮಾಡಲೂ ಇಲ್ಲ. ಅವನ್ನು ಹಾಗೆಯೇ ಇಟ್ಟುಕೊಂಡು, ಅಂಕಣಕ್ಕೆ ಮಾತ್ರ ಸೋತ ಗುರುವಿನ ಹೆಸರನ್ನೇ ಇಟ್ಟಿದ್ದಾರೆ.